ಎಂಜಿನ್ ಕೆಟ್ಟರೆ ಬರೆದಿಡುತ್ತೇವೆ, ಮನಸ್ಸು ಕುಸಿದರೆ?

ಬೆಳಗಿನ ಜಾವ ಮೂರೂ ಮುಕ್ಕಾಲು. ಮನೆ ಮುಂದೆ ಕ್ಯಾಬ್ ಬಂದು ನಿಂತಿತ್ತು. ಟೈ ಸರಿಮಾಡಿಕೊಳ್ಳುತ್ತಾ ಮೆಟ್ಟಿಲಿಳಿಯುವಾಗ ಅಭ್ಯಾಸದಂತೆ ಮೊಬೈಲ್ ನೋಡಿದೆ. ನಮ್ಮ ಬ್ಯಾಚ್‌ನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ನಲವತ್ತೆರಡು ಮೆಸೇಜ್! ಆ ಹೊತ್ತಿನಲ್ಲಿ ಅಷ್ಟು ಮೆಸೇಜ್ ಬಂದಿದ್ದರೆ ಒಂದೋ ರೋಸ್ಟರ್ ಬದಲಾಗಿರಬೇಕು, ಇಲ್ಲವೇ ಎಲ್ಲೋ ವಿಮಾನ ಬಿದ್ದಿರಬೇಕು. ಅವತ್ತು ಎರಡೂ ಆಗಿರಲಿಲ್ಲ. ನಮ್ಮವನೇ ಒಬ್ಬ, ಹಿಂದಿನ ರಾತ್ರಿ, ತನ್ನ ಜೀವ ತಾನೇ ಕಳೆದುಕೊಂಡಿದ್ದ.

ಅವನು ನನ್ನ ಸಿಮ್ಯುಲೇಟರ್ ಪಾರ್ಟ್‌ನರ್. ಹೊಸ ಬಗೆಯ ವಿಮಾನ ಹಾರಿಸುವ ಮೊದಲು ನಮಗೆ ಟೈಪ್ ರೇಟಿಂಗ್ ಎಂಬ ತರಬೇತಿ ಇರುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡಿ ಸಿಮ್ಯುಲೇಟರ್ ಒಳಗೆ ಕೂರಿಸುತ್ತಾರೆ. ಎಂಜಿನ್‌ಗೆ ಬೆಂಕಿ, ಹೈಡ್ರಾಲಿಕ್ ಸೋರಿಕೆ, ಕ್ಯಾಬಿನ್ ಒತ್ತಡ ಕುಸಿತ... ದಿನಕ್ಕೆ ನಾಲ್ಕು ಗಂಟೆ ಒಂದರ ಹಿಂದೊಂದು ಗಂಡಾಂತರ. ಹೊರಬರುವಾಗ ನನ್ನ ಶರ್ಟ್ ಬೆವರಿನಿಂದ ಒದ್ದೆ. ಅವನು ಮಾತ್ರ ಚೆಕ್‌ಲಿಸ್ಟ್ ಓದುವಾಗ ದನಿಯನ್ನೂ ಬದಲಿಸುತ್ತಿರಲಿಲ್ಲ. 'ಇವನ ಪಕ್ಕ ಕೂತರೆ ಏನೇ ಆದರೂ ಬದುಕಿ ಬರಬಹುದು' ಅಂದುಕೊಂಡಿದ್ದೆ.

ಅವತ್ತು ನಾನು ಡ್ಯೂಟಿಗೆ ಹೋದೆ. ಏಕೆ ಹೋದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಬ್ರೆತ್ ಅನಲೈಸರ್ ಊದಿದೆ, ಪಾಸ್. ಕುಡಿದಿದ್ದೀಯಾ ಎಂದು ನೋಡಲು ಯಂತ್ರವಿದೆ. ಕ್ಯಾಬ್‌ನಲ್ಲಿ ಅಳುತ್ತಾ ಬಂದೆಯಾ ಎಂದು ನೋಡಲು ಯಂತ್ರವಿಲ್ಲ.

ಎರಡನೇ ಸಲ ಕೇಳಿದರು

ಪೈಲಟ್ ತರಬೇತಿಯ ಮೊದಲ ವಾರವೇ ನಮಗೆ 'ಐಯಾಮ್‌ಸೇಫ್' ಎಂಬ ಪಟ್ಟಿ ಕಲಿಸುತ್ತಾರೆ. ಕಾಯಿಲೆ, ಔಷಧ, ಒತ್ತಡ, ಮದ್ಯ, ದಣಿವು, ಊಟ ಅಥವಾ ಭಾವನೆ. ಈ ಆರನ್ನೂ ಹಾರುವ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕು. ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ವಿಮಾನ ಮುಟ್ಟಬಾರದು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಆ ದಿನ ಮಾತ್ರ ನಾನು ಆ ಪಟ್ಟಿಯನ್ನು ನೆನಪಿಸಿಕೊಳ್ಳಲೇ ಇಲ್ಲ.

ಬ್ರೀಫಿಂಗ್‌ನಲ್ಲಿ ಕ್ಯಾಪ್ಟನ್ "ಎಲ್ಲಾ ಓಕೆನಾ?" ಅಂದರು. "ಫೈನ್ ಸರ್" ಅಂದೆ. ಹೋಗುವ ದಾರಿಯಲ್ಲಿ ಏನೂ ಆಗಲಿಲ್ಲ. ವಾಪಸ್ ಬೆಂಗಳೂರಿಗೆ ಇಳಿಯುವಾಗ ಏರ್ ಟ್ರಾಫಿಕ್ ಕಂಟ್ರೋಲ್‌ನ ಕರೆ ನನಗೆ ಎರಡು ಸಲ ಕೇಳಿಸಲಿಲ್ಲ. ಕ್ಯಾಪ್ಟನ್ ಒಂದು ಮಾತೂ ಆಡದೆ ರೇಡಿಯೊ ತಾವೇ ತೆಗೆದುಕೊಂಡರು. ವಿಮಾನ ನಿಂತು, ಪ್ರಯಾಣಿಕರು ಇಳಿಯುತ್ತಿದ್ದಾಗ, ನನ್ನ ಕಡೆ ತಿರುಗಿ ಮತ್ತೆ ಕೇಳಿದರು: "ಈಗ ನಿಜ ಹೇಳು. ಏನಾಗಿದೆ?"

ಹೇಳಿದೆ. ಅವರು ಬೈಯಲಿಲ್ಲ. ಕ್ರೂ ಕಂಟ್ರೋಲ್‌ಗೆ ಫೋನ್ ಮಾಡಿ, ನನ್ನ ಉಳಿದ ಎರಡು ಸೆಕ್ಟರ್‌ಗೆ ಸ್ಟ್ಯಾಂಡ್‌ಬೈ ಪೈಲಟ್‌ನ್ನು ಕರೆಸಿದರು. "ನೀನು ಬೆಳಿಗ್ಗೆಯೇ ಹೇಳಬೇಕಿತ್ತು. ಆದರೆ ನಾನೂ ಬೆಳಿಗ್ಗೆಯೇ ಎರಡನೇ ಸಲ ಕೇಳಬೇಕಿತ್ತು" ಎಂದರು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಏಕೆಂದರೆ, ಅವನನ್ನು ನಾನು ಎರಡನೇ ಸಲ ಕೇಳಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ದೇವನಹಳ್ಳಿ ಹತ್ತಿರದ ಹೋಟೆಲೊಂದರಲ್ಲಿ ಇಬ್ಬರೂ ಇಡ್ಲಿ ತಿನ್ನುತ್ತಿದ್ದೆವು. "ನಿದ್ದೇನೇ ಬರ್ತಿಲ್ಲ ಕಣೋ" ಅಂದ. "ಈ ರೋಸ್ಟರ್‌ನಲ್ಲಿ ಯಾರಿಗೆ ಬರುತ್ತೆ!" ಎಂದು ನಕ್ಕೆ. ಸ್ವಲ್ಪ ಹೊತ್ತು ಬಿಟ್ಟು, "ಡಾಕ್ಟರ್ ಹತ್ರ ಹೋಗ್ಲಾ? ಮೆಡಿಕಲ್‌ಗೆ ತೊಂದ್ರೆ ಆಗುತ್ತೇನೋ" ಅಂದ. ನಾನು ಕೊಟ್ಟ ಸಲಹೆ ಇದು: "ಹುಚ್ಚಾ? ಮೆಡಿಕಲ್‌ಗೆ ಎರಡೇ ತಿಂಗಳಿದೆ. ಸುಮ್ನಿರು, ಎಲ್ಲಾ ಸರಿಹೋಗುತ್ತೆ."

ಬಾಯಿ ಬಿಟ್ಟರೆ ಲೈಸೆನ್ಸ್ ಹೋಗುತ್ತೆ!

ಹಾಗೆ ಹೇಳಿದ ನಾನು ಕೆಟ್ಟ ಗೆಳೆಯನಾ? ಈ ಪ್ರಶ್ನೆಗೆ ಉತ್ತರಿಸಲು ನಮ್ಮ ವೃತ್ತಿಯ ಲೆಕ್ಕ ಸ್ವಲ್ಪ ಹೇಳಬೇಕು.

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಟೈಪ್ ರೇಟಿಂಗ್‌ನ್ನೂ ಸೇರಿಸಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ. ನಮ್ಮಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದರು. ಅವನದು ಉತ್ತರ ಕರ್ನಾಟಕದ ಮೇಷ್ಟ್ರ ಮನೆ; ಇದ್ದ ಒಂದು ಸೈಟು ಮಾರಿದರು. ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲಸ ಸಿಗದೆ ಅವನು ಎರಡು ವರ್ಷ ಕಾದ. ಇಷ್ಟೆಲ್ಲ ನಿಂತಿರುವುದು ಒಂದು ಹಾಳೆಯ ಮೇಲೆ. ಅದೇ ಕ್ಲಾಸ್ ಒನ್ ಮೆಡಿಕಲ್ ಸರ್ಟಿಫಿಕೇಟ್. ನಮ್ಮ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಅದರ ಪರೀಕ್ಷೆ. ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅದರ ಗೇಟಿನ ಮುಂದೆ ಫೈಲ್ ಹಿಡಿದು ನಿಂತ ಪೈಲಟ್‌ಗಳ ಮುಖ ನೋಡಿದರೆ ಪಿಯುಸಿ ರಿಸಲ್ಟ್ ದಿನ ನೆನಪಾಗುತ್ತದೆ. 'ಅನ್‌ಫಿಟ್' ಎಂದು ಬಂದರೆ ಹಾರಾಟವಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹೀಗಾಗಿ ಪೈಲಟ್‌ಗಳು ಡಾಕ್ಟರ್ ಬಳಿ ಹೋಗಲು ಹೆದರುತ್ತಾರೆ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 3,765 ಪೈಲಟ್‌ಗಳನ್ನು ಕೇಳಲಾಯಿತು. ಅವರಲ್ಲಿ ಶೇ 56ರಷ್ಟು ಮಂದಿ, ಮೆಡಿಕಲ್ ಕಳೆದುಕೊಳ್ಳುವ ಭಯದಿಂದ ಒಂದಲ್ಲ ಒಂದು ರೀತಿ ವೈದ್ಯಕೀಯ ನೆರವನ್ನು ತಪ್ಪಿಸಿಕೊಂಡಿದ್ದಾಗಿ ಒಪ್ಪಿಕೊಂಡರು. 2016ರಲ್ಲಿ ಹಾರ್ವರ್ಡ್ ಸಂಶೋಧಕರು ಹೆಸರು ಹೇಳಬೇಕಿಲ್ಲದ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಖಿನ್ನತೆಯ ಪ್ರಶ್ನೆಗಳಿಗೆ ಉತ್ತರಿಸಿದ 1,848 ಏರ್‌ಲೈನ್ ಪೈಲಟ್‌ಗಳಲ್ಲಿ 233 ಮಂದಿ, ಅಂದರೆ ಶೇ 12.6ರಷ್ಟು ಜನ ಖಿನ್ನತೆಯ ಮಿತಿ ದಾಟಿದ್ದರು. ಹಿಂದಿನ ಎರಡು ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರು 75 ಮಂದಿ. ಹೆಸರು ಕೇಳದಿದ್ದಾಗ ಇವರೆಲ್ಲ ನಿಜ ಹೇಳಿದರು ಎಂಬುದನ್ನು ಗಮನಿಸಿ.

ಆ 150 ಜನ

ಪೈಲಟ್ ಮತ್ತು ಖಿನ್ನತೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಜರ್ಮನ್‌ವಿಂಗ್ಸ್. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಡಸೆಲ್‌ಡಾರ್ಫ್‌ಗೆ ಹೊರಟಿದ್ದ ವಿಮಾನವನ್ನು ಸಹ ಪೈಲಟ್ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತದಲ್ಲಿ ಬೀಳಿಸಿದ. ಅವನೂ ಸೇರಿ 150 ಜನ ಸತ್ತರು. ಅದು ಕ್ಷಮೆ ಇಲ್ಲದ ಕೃತ್ಯ. ಆದರೆ ಫ್ರಾನ್ಸ್‌ನ ತನಿಖಾ ಸಂಸ್ಥೆ 2016ರಲ್ಲಿ ಕೊಟ್ಟ ವರದಿ ಅವನೊಬ್ಬನನ್ನು ದೂರಿ ಸುಮ್ಮನಾಗಲಿಲ್ಲ. ಅವನು ಹಲವು ವೈದ್ಯರನ್ನು ಕಂಡಿದ್ದ. ದುರಂತಕ್ಕೆ ಎರಡು ವಾರ ಮೊದಲು ಒಬ್ಬರು ಮನೋವೈದ್ಯಕೀಯ ಆಸ್ಪತ್ರೆಗೆ ಸೇರುವಂತೆ ಹೇಳಿದ್ದರು. ಯಾವುದೂ ಕಂಪನಿಗೆ ತಿಳಿಯಲಿಲ್ಲ. ತರಬೇತಿಗಾಗಿ ಅವನು ಸುಮಾರು 41,000 ಯೂರೋ ಸಾಲ ಮಾಡಿದ್ದ. ಲೈಸೆನ್ಸ್ ಹೋದರೆ ಆದಾಯ ಹೋಗುತ್ತದೆ ಎಂಬ ಭಯ ಪೈಲಟ್‌ಗಳ ಬಾಯಿ ಕಟ್ಟುತ್ತದೆ ಎಂದು ವರದಿ ನೇರವಾಗಿ ಬರೆಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಖಿನ್ನತೆ ಇರುವ ಪೈಲಟ್ ಅಂದರೆ ಅಪಾಯಕಾರಿ ಪೈಲಟ್ ಅಲ್ಲ. ಇಂಥ ಘಟನೆಗಳು ತೀರಾ ಅಪರೂಪ. ನನ್ನ ಗೆಳೆಯನಂಥವರು ಯಾರಿಗೂ ಕೆಡುಕು ಮಾಡದೆ, ಯಾರಿಗೂ ಹೇಳದೆ, ಒಳಗೊಳಗೇ ಕರಗುವವರು. ಭಯ ಹೆಚ್ಚಿದಷ್ಟೂ ಮೌನ ಹೆಚ್ಚುತ್ತದೆ. ಮೌನ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ.

ವರದಿಯ ಫಲವಾಗಿ ಯುರೋಪ್ 2018ರಲ್ಲಿ ಹೊಸ ನಿಯಮ ತಂದಿತು. ಪ್ರತಿ ಏರ್‌ಲೈನ್ ತನ್ನ ಪೈಲಟ್‌ಗಳಿಗೆ ಪೀರ್ ಸಪೋರ್ಟ್ ಒದಗಿಸಬೇಕು. ಅಂದರೆ, ಕಷ್ಟದಲ್ಲಿರುವ ಪೈಲಟ್ ಮೊದಲು ಮಾತಾಡುವುದು ಬಾಸ್ ಜತೆಗಲ್ಲ, ತರಬೇತಿ ಪಡೆದ ಇನ್ನೊಬ್ಬ ಪೈಲಟ್ ಜತೆ. ಹಿಂದೆ ಮನಶ್ಶಾಸ್ತ್ರಜ್ಞರ ಬೆಂಬಲ ಇರುತ್ತದೆ. ಪ್ರಾಣಕ್ಕೆ, ಸುರಕ್ಷತೆಗೆ ಗಂಭೀರ ಅಪಾಯವಿಲ್ಲದಿದ್ದರೆ ಮಾತು ಅಲ್ಲೇ ಉಳಿಯುತ್ತದೆ. ನಮ್ಮ ಡಿಜಿಸಿಎ ಕೂಡ 2023ರ ಫೆಬ್ರುವರಿಯಲ್ಲಿ ಪೈಲಟ್, ಕ್ಯಾಬಿನ್ ಸಿಬ್ಬಂದಿ, ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿ ಪೀರ್ ಸಪೋರ್ಟ್ ಬಗ್ಗೆ ಹೇಳಿತು. 2025ರ ಜೂನ್ 12ರ ಅಹಮದಾಬಾದ್ ದುರಂತವಾದ ನಾಲ್ಕನೇ ದಿನ, ಒಂದೇ ದಿನ ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯ ರಜೆ ಹಾಕಿದ್ದರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಆ ಸಂಖ್ಯೆ ಓದಿದಾಗ, 'ಡ್ಯೂಟಿಗೆ ಹೋಗಲಾರೆ' ಎಂದು ಹೇಳಲು ಅಂದು ನನ್ನಿಂದ ಆಗಿರಲಿಲ್ಲವಲ್ಲ ಅನ್ನಿಸಿತು.

ವಿಮಾನಕ್ಕೆ ಸಿಗುವ ಅವಕಾಶ

ಪ್ರತಿ ವಿಮಾನದಲ್ಲೂ ಟೆಕ್ ಲಾಗ್ ಎಂಬ ದಾಖಲೆ ಇರುತ್ತದೆ. ಓದುವ ದೀಪ ಉರಿಯದಿದ್ದರೂ, ಎಂಜಿನ್‌ನಲ್ಲಿ ಸಣ್ಣ ಕಂಪನ ಕಂಡರೂ ಅದರಲ್ಲಿ ಬರೆಯಬೇಕು. ಬರೆದರೆ ವಿಮಾನವನ್ನು ಗುಜರಿಗೆ ಹಾಕುವುದಿಲ್ಲ. ಎಂಜಿನಿಯರ್ ಬರುತ್ತಾರೆ, ನೋಡುತ್ತಾರೆ, ರಿಪೇರಿ ಮಾಡಿ ಸಹಿ ಹಾಕುತ್ತಾರೆ. ತಕ್ಷಣ ರಿಪೇರಿ ಆಗದ ಕೆಲವು ದೋಷಗಳಿದ್ದರೂ ಷರತ್ತಿನ ಮೇಲೆ ಹಾರಬಹುದು. ಯಾವುದಕ್ಕೆ ಮೂರು ದಿನ, ಯಾವುದಕ್ಕೆ 10 ದಿನ, ಯಾವುದಕ್ಕೆ 120 ದಿನ ಗಡುವು ಎಂದು ಪಟ್ಟಿಯೇ ಇದೆ. 'ಪೂರ್ತಿ ಸರಿಯಿಲ್ಲ, ಆದರೆ ನಿಗಾದಲ್ಲಿದೆ' ಎಂಬ ಸ್ಥಿತಿಯನ್ನು ನಾವು ಯಂತ್ರಕ್ಕೆ ಒಪ್ಪಿಕೊಂಡಿದ್ದೇವೆ.

ಮನುಷ್ಯನಿಗೆ? ಬಹುಕಾಲ ಎರಡೇ ಖಾನೆ ಇದ್ದವು: ಫಿಟ್, ಅನ್‌ಫಿಟ್. ಅಮೆರಿಕದಲ್ಲಿ ಖಿನ್ನತೆಯ ಔಷಧ ತೆಗೆದುಕೊಳ್ಳುವ ಪೈಲಟ್ ಹಾರುವಂತೆಯೇ ಇರಲಿಲ್ಲ. 2010ರ ಏಪ್ರಿಲ್‌ನಲ್ಲಿ ಅಲ್ಲಿನ ವಿಮಾನಯಾನ ಆಡಳಿತ ನಾಲ್ಕು ಔಷಧಗಳಿಗೆ, ಕಟ್ಟುನಿಟ್ಟಿನ ನಿಗಾದೊಂದಿಗೆ ಅನುಮತಿ ನೀಡಿತು. ಆಸ್ಟ್ರೇಲಿಯಾ ಅದಕ್ಕೂ ಎಷ್ಟೋ ವರ್ಷ ಮೊದಲೇ ಆ ದಾರಿ ಹಿಡಿದಿತ್ತು. ವಾಯುಯಾನ ಇಷ್ಟು ಸುರಕ್ಷಿತವಾಗಿರುವುದಕ್ಕೆ ಒಂದು ದೊಡ್ಡ ಕಾರಣ, ತಪ್ಪು ಹೇಳಿಕೊಂಡವರನ್ನು ಶಿಕ್ಷಿಸದೆ ಅವರಿಂದ ಕಲಿಯುವ ಪದ್ಧತಿ. ನಾಸಾ 1976ರಲ್ಲೇ ಗೋಪ್ಯ ವರದಿ ವ್ಯವಸ್ಥೆ ಶುರು ಮಾಡಿತು. ಯಂತ್ರದ ವಿಷಯದಲ್ಲಿ, ಕೆಲಸದ ತಪ್ಪಿನ ವಿಷಯದಲ್ಲಿ ಇದನ್ನು ಕಲಿತ ನಾವು, ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ 'ಸುಮ್ನಿರು' ಅನ್ನುತ್ತೇವೆ.

ಉಳಿದವರು ಹೇಗೆ ಉಳಿಯಬೇಕು?

ಮೂರನೇ ದಿನ ಅವನ ಊರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದ್ದೇ ಬಂತು. ಅವರಮ್ಮ ನನ್ನನ್ನು ಕೂರಿಸಿ ಕೇಳಿದ್ದು ಒಂದೇ: "ಅಂವ ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ತಿದ್ನೇನಪಾ?" ನಾವಿಬ್ಬರೂ ತಿಂದ ಇಡ್ಲಿಯ ಕಥೆ ಹೇಳಿದೆ. ಅವನ ಜೋಕ್‌ಗಳನ್ನು ಹೇಳಿದೆ. ಅಮ್ಮ ಒಮ್ಮೆ ನಕ್ಕರು, ಆಮೇಲೆ ತುಂಬಾ ಅತ್ತರು. ಅಲ್ಲಿಗೆ ಬಂದಿದ್ದ ಉಳಿದವರೆಲ್ಲ 'ಯಾಕೆ ಮಾಡಿಕೊಂಡ, ಹೇಗೆ ಮಾಡಿಕೊಂಡ' ಎಂದು ಕೇಳಿದ್ದರಂತೆ. ಅವನು ಹೇಗೆ ಬದುಕಿದ್ದ ಎಂದು ಯಾರೂ ಮಾತಾಡಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನನಗೂ ನಿದ್ದೆ ಹೋಯಿತು. ಆ ಕ್ಯಾಪ್ಟನ್ ಬಲವಂತ ಮಾಡಿದ್ದಕ್ಕೆ ಆಪ್ತ ಸಮಾಲೋಚಕರ ಬಳಿ ಹೋದೆ. ಮೊದಲ ದಿನವೇ 'ಸುಮ್ನಿರು' ಅಂದಿದ್ದನ್ನು ಹೇಳಿ, "ನಾನೇ ಕೊಂದೆ ಅಲ್ವಾ?" ಎಂದು ಕೇಳಿದೆ. ಅವರು ನಿಧಾನವಾಗಿ ವಿವರಿಸಿದರು: ಆತ್ಮಹತ್ಯೆಗೆ ಯಾವತ್ತೂ ಒಂದೇ ಕಾರಣ ಇರುವುದಿಲ್ಲ. ಕಾಯಿಲೆ, ಒತ್ತಡ, ಒಂಟಿತನ, ಸಾಲ, ಹಲವು ಎಳೆಗಳು ಸೇರಿರುತ್ತವೆ. ನಿನ್ನ ಒಂದು ಮಾತು ಅವನನ್ನು ಕೊಲ್ಲಲಿಲ್ಲ. ಆದರೆ ಆ ಮಾತು ತಪ್ಪೂ ಹೌದು. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದನ್ನು ಕಲಿಯಬೇಕು.

ಒಂದು ಆತ್ಮಹತ್ಯೆ ಎಷ್ಟು ಜನರನ್ನು ತಟ್ಟುತ್ತದೆ? ಹಿಂದೆಲ್ಲ ಆರು ಜನ ಎನ್ನುತ್ತಿದ್ದರು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 135 ಎಂದಿತು. ಮನೆಯವರಷ್ಟೇ ಅಲ್ಲ, ರೂಮ್‌ಮೇಟ್, ಸಹೋದ್ಯೋಗಿ, ಕ್ಯಾಂಟೀನ್‌ನಲ್ಲಿ ದಿನಾ ಎದುರು ಕೂರುತ್ತಿದ್ದವನೂ ಅದರಲ್ಲಿ ಸೇರುತ್ತಾರೆ. ನಿಮ್ಮ ಕಾಲೇಜಿನಲ್ಲೋ ಹಾಸ್ಟೆಲ್‌ನಲ್ಲೋ ಇಂಥದ್ದು ನಡೆದಿದ್ದರೆ, ನಾನು ಕಲಿತ ನಾಲ್ಕು ಮಾತು ಕೇಳಿ.

ಒಂದು, ವಿವರ ಹಂಚಬೇಡಿ. ಫೋಟೊ, ಪತ್ರ, 'ಹೀಗಾಯ್ತಂತೆ' ಎಂಬ ಆಡಿಯೊ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ. ಅದೇ ನೋವಿನ ಅಂಚಿನಲ್ಲಿರುವ ಇನ್ನೊಬ್ಬರು ನಿಮ್ಮ ಗ್ರೂಪ್‌ನಲ್ಲೇ ಇರಬಹುದು.

ಎರಡು, ತೀರ್ಪು ಕೊಡಬೇಡಿ. 'ಹೇಡಿ' ಅನ್ನಬೇಡಿ, 'ಲವ್ ಫೇಲ್ಯೂರ್' ಎಂದು ಒಂದೇ ಗೆರೆಯಲ್ಲಿ ಮುಗಿಸಬೇಡಿ. ಕಾನೂನು ಕೂಡ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಎನ್ನುತ್ತದೆ.

ಮೂರು, ನೇರವಾಗಿ ಕೇಳಿ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ. ಕೇಳಿದರೆ ಮನಸ್ಸು ಹಗುರವಾಗುವುದೇ ಹೆಚ್ಚು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಜತೆಗೇ ಡಾಕ್ಟರ್ ಬಳಿ ಕರೆದೊಯ್ಯಿರಿ.

ನಾಲ್ಕು, ನಿಮ್ಮನ್ನೂ ನೋಡಿಕೊಳ್ಳಿ. ನಿದ್ದೆ, ಊಟ, ನಡಿಗೆ ತಪ್ಪಿಸಬೇಡಿ. ದುಃಖಕ್ಕೆ ಹನ್ನೊಂದು ದಿನ, ಹದಿಮೂರು ದಿನ ಎಂಬ ಲೆಕ್ಕವಿಲ್ಲ. ಎರಡು ವಾರವಾದರೂ ಏನೂ ಮಾಡಲಾಗುತ್ತಿಲ್ಲ ಎಂದಾದರೆ ಅದನ್ನೂ ಯಾರಿಗಾದರೂ ಹೇಳಿ.

ನಿಮ್ಮ ಕಥೆಯೂ ಇದೇ ಅಲ್ವಾ?

'ಇದೆಲ್ಲ ಪೈಲಟ್‌ಗಳ ಗೋಳು, ನಮಗೇನು' ಅನ್ನಿಸಬಹುದು. ಆದರೆ ಮೂರನೇ ಸಲ ಕೆಪಿಎಸ್‌ಸಿ ಬರೆಯುತ್ತಿರುವವರು, ವಿಜಯನಗರದ ಪಿ.ಜಿ.ಯಲ್ಲಿ ಕೂತು ಕೋಚಿಂಗ್ ಪಡೆಯುತ್ತಿರುವವರು, ಇಂಟರ್‌ವ್ಯೂ ಕರೆಗೆ ಕಾಯುತ್ತಿರುವವರು ಹೇಳಿ: 'ಕೌನ್ಸೆಲಿಂಗ್‌ಗೆ ಹೋದೆ ಅಂತ ಗೊತ್ತಾದರೆ ಯಾರು ಕೆಲಸ ಕೊಡ್ತಾರೆ, ಯಾರು ಹೆಣ್ಣು ಕೊಡ್ತಾರೆ' ಎಂದು ನೀವೂ ಒಮ್ಮೆ ಯೋಚಿಸಿಲ್ಲವೇ? 2022ರಲ್ಲಿ ದೇಶದಲ್ಲಿ 1.7 ಲಕ್ಷ ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳು. ನಮ್ಮ ಕಾಕ್‌ಪಿಟ್‌ನ ಮೌನವೇ ನಿಮ್ಮ ಹಾಸ್ಟೆಲ್‌ನಲ್ಲೂ ಇದೆ.

ಹೇಳಿಕೊಂಡರೆ ಏನೂ ನಷ್ಟವಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ನಾನು ಮೂರು ವಾರ ಹಾರಲಿಲ್ಲ. ಆ ತಿಂಗಳ ಸಂಬಳ ಕಡಿಮೆ ಬಂತು. ಪ್ರಶ್ನೆಗಳು ಎದುರಾದವು. ಆದರೆ ಅವೆಲ್ಲ ಮುಗಿದವು, ಮತ್ತೆ ಹಾರುತ್ತಿದ್ದೇನೆ. ಹೇಳದೇ ಇದ್ದುದಕ್ಕೆ ಅವನು ತೆತ್ತ ಬೆಲೆಗೆ ಹೋಲಿಸಿದರೆ ಇದು ಏನೂ ಅಲ್ಲ.

ಹಣದ ಚಿಂತೆಯೂ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಯೋಜನೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ದೇಶದಲ್ಲಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಸಹಾಯ ಹತ್ತಿರದಲ್ಲೇ ಇದೆ. ಕೇಳುವುದೊಂದೇ ಬಾಕಿ.

ಈಗ ಪ್ರತಿ ಬ್ರೀಫಿಂಗ್‌ನಲ್ಲೂ ನಾನು ಎರಡು ಸಲ ಕೇಳುತ್ತೇನೆ. ಮೊದಲ ಸಲ ಎಲ್ಲರೂ 'ಫೈನ್' ಅನ್ನುತ್ತಾರೆ. ಹೆಚ್ಚಿನವರು ಎರಡನೇ ಸಲವೂ ಅದನ್ನೇ ಹೇಳಿ ನಗುತ್ತಾರೆ. ಕಳೆದ ತಿಂಗಳು ಹಿರಿಯ ಕ್ಯಾಪ್ಟನ್ ಒಬ್ಬರು ಮಾತ್ರ ಎರಡನೇ ಸಲಕ್ಕೆ ಕಾಫಿ ಕಪ್ ಕೆಳಗಿಟ್ಟು, "ಹತ್ತು ನಿಮಿಷ ಟೈಮ್ ಇದೆಯಾ?" ಅಂದರು.

ಇತ್ತು.